ಸಹಾಯ ಬೇಕು: ಪುಟಾಣಿ ಗೆಲಾಕ್ಸಿ ಹುಡುಕಲು ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿರುವವರು (ಮೈಸೂರು)

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿದ್ದೇನೆ, ಎಂ.ಎಸ್‌ಸಿ. ಫಿಸಿಕ್ಸ್. ನಮ್ಮ ಹಾಲುಹಾದಿಯನ್ನು ಸುತ್ತುವ ಪುಟ್ಟ ಗೆಲಾಕ್ಸಿಗಳ ಮೇಲೆ ಪ್ರಾಜೆಕ್ಟ್. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಲೆಕ್ಕ ನೋಡಿದರೆ ನೂರಾರು ಇರಬೇಕಿತ್ತು, ಸಿಕ್ಕಿರುವುದು ಸುಮಾರು 60. ಉಳಿದವು ಇಲ್ಲವೇ ಇಲ್ಲವೋ, ಮಂಕಾಗಿರುವುದರಿಂದ ಕಣ್ಣಿಗೆ ಬಿದ್ದಿಲ್ಲವೋ, ಅದೇ ಜಗಳ.

ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಗಾಯಾ ಉಪಗ್ರಹದ ಡೇಟಾ ಇಳಿಸಿಕೊಂಡು, ಒಟ್ಟಿಗೆ ಒಂದೇ ಕಡೆ ಸರಿಯುವ ನಕ್ಷತ್ರಗಳ ಗುಂಪು ಹುಡುಕುತ್ತಿದ್ದೇನೆ. ಪರೀಕ್ಷೆಗೆ ಅಂತ 1930ರ ದಶಕದಲ್ಲೇ ಸಿಕ್ಕಿದ ಸ್ಕಲ್ಪ್ಟರ್ ಕುಬ್ಜ ಗೆಲಾಕ್ಸಿಯ ಕಡೆ ತಿರುಗಿಸಿದೆ. ನನ್ನ ಪ್ರೋಗ್ರಾಂ ಅದನ್ನೇ ಬಿಟ್ಟು, ಖಾಲಿ ಜಾಗದಲ್ಲಿ ಮೂರು ಗೆಲಾಕ್ಸಿ ತೋರಿಸಿತು! ನಡುವೆ ಅಡ್ಡ ಬರುವ ನಮ್ಮ ಹಾಲುಹಾದಿಯದೇ ಹತ್ತಿರದ ನಕ್ಷತ್ರಗಳನ್ನು ಸರಿಯಾಗಿ ಸೋಸಿಲ್ಲ ಅನ್ನಿಸುತ್ತದೆ. ಲ್ಯಾಪ್‌ಟಾಪ್ ಬೇರೆ 4 ಜಿಬಿ, ಅರ್ಧಕ್ಕೇ ಸುಸ್ತು.

ಭಾನುವಾರ ಒಂದು ಗಂಟೆ ಕೂತು ನೋಡಿಕೊಡುವವರು ಯಾರಾದರೂ ಇದ್ದೀರಾ? ಕುಕ್ಕರಹಳ್ಳಿ ಕೆರೆ ಹತ್ತಿರ ಸಿಗೋಣ. ದೋಸೆ, ಕಾಫಿ ನನ್ನ ಲೆಕ್ಕ.