ಕಣ್ವತೀರ್ಥದ ಗಾಳಿ, ದಡದಲ್ಲಿ ಬಿಟ್ಟ ಸೇಲ್: ಪುಟ್ಟನಿಗೆ ಮಾವನ ಉದ್ದದ ಉತ್ತರ

ಹಾಂ ಪುಟ್ಟ, ಮಾವ ಮಾತಾಡುದು. ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದ್ದೆ, ತೋಟಕ್ಕೆ ನೀರು ಬಿಡ್ಲಿಕ್ಕೆ ಹೋಗಿದ್ದೆ ಹಾಗೆ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ, ಈಗ ಕೂತು ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದವರು ಕೇಳಿ, ಉಳಿದವರು ಬಿಡಿ. ನೀನು ಕೇಳಿದ್ದು ಎಂತ ಹೇಳಿದ್ರೆ ಎಪ್ರಿಲಲ್ಲಿ ಫ್ರೆಂಡ್ ಒಟ್ಟಿಗೆ ಬರ್ತೀಯ, ವಿಂಡ್‌ಸರ್ಫಿಂಗ್ ಸಾಮಾನು, ಅಂದ್ರೆ ಬೋರ್ಡಿಗೆ ಸೇಲ್ (ಹಾಯಿ) ಹಾಕಿ ಗಾಳಿಯಲ್ಲಿ ನೀರಿನ ಮೇಲೆ ಓಡುವ ಆಟದ್ದು, ತರ್ತೀಯ, ದೊಡ್ಡ ಸೇಲ್ 6.5 ಚದರ ಮೀಟರ್, ಸಣ್ಣದು 4.7, ಬೋರ್ಡ್ ಎರಡು, ಒಂದು ನೀರಲ್ಲಿರುವಾಗ ಇನ್ನೊಂದನ್ನು ಮಂಜೇಶ್ವರ ಹತ್ರದ ಕಣ್ವತೀರ್ಥ ಬೀಚಿನ ಹೊಯ್ಗೆಯಲ್ಲಿ (ಮರಳಲ್ಲಿ) ಗಾಳಿಗೆ ಹಾರದ ಹಾಗೆ ಹೇಗೆ ಇಡುದು ಅಂತ. ಅದಕ್ಕೆ ಭಾವ ಹೇಳಿದ್ರು ಮೇಲೆ ನಾಲ್ಕು ಕಲ್ಲು ಹೇರು, ಅತ್ತಿಗೆ ಹೇಳಿದ್ರು ತೆಂಗಿನಮರಕ್ಕೆ ಕಟ್ಟು, ಅಕ್ಕ ಟೆಂಟಿನ ಗೂಟದ ಫೋಟೊ ಹಾಕಿದ್ಳು. ಮೂರೂ ಬೇಡ. ಯಾರೂ ಬೇಜಾರು ಮಾಡ್ಕೊಳ್ಬೇಡಿ, ಯಾಕೆ ಅಂತ ಒಂದೊಂದಾಗಿ ಹೇಳ್ತೇನೆ.

ಮೊದ್ಲು ಈ ಸೇಲಿಗೆ ಎಷ್ಟು ಬಲ ಬರ್ತದೆ ಅದು ನಿಮಗೆ ಗೊತ್ತಾಗ್ಬೇಕು. ಸೇಲ್, ಅದನ್ನು ನಿಲ್ಲಿಸುವ ಕಂಬ ಮಾಸ್ಟ್, ಕೈಯಲ್ಲಿ ಹಿಡಿಯುವ ಅಡ್ಡ ಕೋಲು ಬೂಮ್, ಮೂರೂ ಸೇರಿದ್ರೆ ಹತ್ತು ಕೇಜಿ ಆಸುಪಾಸು ಅಷ್ಟೇ, ಒಂದು ಕೈಯಲ್ಲಿ ಎತ್ತುವ ತೂಕ. ಗಾಳಿ ವೇಗ ಎರಡರಷ್ಟಾದ್ರೆ ಅದರ ಒತ್ತಡ ನಾಲ್ಕರಷ್ಟಾಗ್ತದೆ, ಇದು ಎಲ್ಲರೂ ಶಾಲೆಯಲ್ಲಿ ಕಲ್ತದ್ದೇ. ಈಗ 15 ನಾಟ್ ಗಾಳಿ ಹೇಳಿದ್ರೆ ಗಂಟೆಗೆ 28 ಕಿಲೋಮೀಟರ್, ಅದರಲ್ಲಿ 6.5 ಚದರ ಮೀಟರಿನ ಸೇಲ್ ಎದ್ದು ಗಾಳಿಗೆ ಮುಖ ಕೊಟ್ರೆ ಹೆಚ್ಚುಕಮ್ಮಿ 24 ಕೇಜಿಯಷ್ಟು ನೂಕ್ತದೆ. ಅದೇ ಗಾಳಿ 25 ನಾಟ್ ಆದ್ರೆ 65 ಕೇಜಿ. ಗಾಳಿ ಹೆಚ್ಚಿದ್ದು ಹತ್ತು ನಾಟ್, ನೂಕುದು ಎರಡೂವರೆ ಪಟ್ಟಿಗಿಂತ ಜಾಸ್ತಿ. ಈಗ ಯೋಚನೆ ಮಾಡು, ನೀನು ದೊಡ್ಡ ಸೇಲ್ ಬಿಟ್ಟು ಸಣ್ಣದು ತಕ್ಕೊಳ್ಳುದು ಯಾವಾಗ? ಗಾಳಿ ಏರಿದಾಗ. ಅಂದ್ರೆ ದಡದಲ್ಲಿ ಬಿಟ್ಟು ಹೋಗುದು ಆ ಗಾಳಿಗೆ ದೊಡ್ಡದಾದ ಸೇಲನ್ನೇ, ಅದೂ ಗಾಳಿ ಜೋರಿರುವ ಹೊತ್ತಲ್ಲೇ, ಮತ್ತೆ ನೋಡ್ಕೊಳ್ಳುವವ ನೀರಲ್ಲಿ. ಮಧ್ಯಾಹ್ನ ಬಂದಾಗ ಎಷ್ಟು ಗಾಳಿ ಇತ್ತು ಅಂತ ನೋಡಿ ಕಟ್ಟಿದ್ದು ಮೂರು ಗಂಟೆಗೆ ಸಾಕಾಗುದಿಲ್ಲ ಮಾರಾಯ, ಮುಂದೆ ಬರುವ ಗಾಳಿಗೆ ಕಟ್ಬೇಕು.

ನಾನು ಗಲ್ಫಲ್ಲಿ ಒಂದು ಹೋಟೆಲಿನ ಬೀಚಲ್ಲಿ ಈ ಬೋರ್ಡ್ ಎಲ್ಲ ಬಾಡಿಗೆಗೆ ಕೊಡುವ ಶೆಡ್ಡಲ್ಲಿದ್ದವ ಅಲ್ವಾ, ಅಲ್ಲಿ ಶಮಾಲ್ ಅಂತ ವಾಯವ್ಯದ ಗಾಳಿ, ಬೀಸ್ಲಿಕ್ಕೆ ಶುರುವಾದ್ರೆ ಬೇಗ ನಿಲ್ಲುದಿಲ್ಲ. ಒಬ್ಬ ಗಿರಾಕಿ ಸೇಲನ್ನು ಹಾಗೇ ಬಿಟ್ಟು ಜ್ಯೂಸ್ ಕುಡೀಲಿಕ್ಕೆ ಹೋದ, ಅದು ಎದ್ದು ಎರಡು ಪಲ್ಟಿ ಹೊಡೆದು ಕುರ್ಚಿಯ ಸಾಲಿಗೆ ಹೋಗಿ ಬಿತ್ತು, ಪುಣ್ಯಕ್ಕೆ ಕುರ್ಚಿಯಲ್ಲಿ ಯಾರೂ ಇರ್ಲಿಲ್ಲ. ಸೇಲ್ ಹರಿದ್ರೆ ದುಡ್ಡು ಕೊಟ್ಟು ತರಬಹುದು. ಮಾಸ್ಟಿನ ತುದಿ ಒಂದು ಮಗುವಿನ ಮುಖಕ್ಕೆ ಬಡಿದ್ರೆ ಎಂತ ಮಾಡ್ತೀಯ? ಹಾಗಾಗಿ ಭಾನುವಾರ ಸಂಜೆ ಬೇಕಲದ ಬದಿಗೆ ಈ ಸಾಮಾನು ತಕ್ಕೊಂಡು ಹೋಗುವ ಯೋಚನೆ ಇದ್ರೆ ಈಗ್ಲೇ ಬಿಡು, ಅಲ್ಲಿ ಮಕ್ಕಳು ಮರಿ ಎಲ್ಲ ತುಂಬಿರ್ತಾರೆ. ಕಣ್ವತೀರ್ಥದಲ್ಲಿ ಕೂಡ ಜನ ಕೂತ್ಕೊಳ್ಳುವ ಕಡೆಯಿಂದ ದೂರ ಹೋಗಿ ಇಡು, ಸೇಲಿಂದ ಗಾಳಿ ಹೋಗುವ ಬದಿಯಲ್ಲಿ ಜನ ಇರ್ಬಾರ್ದು.

ಈಗ ಇಡುವ ಕ್ರಮ. ಮಾಸ್ಟ್ ಗಾಳಿ ಬರುವ ಬದಿಗೆ, ಗಾಳಿಗೆ ಅಡ್ಡವಾಗಿ. ಸೇಲಿನ ಹಿಂದಿನ ಮೂಲೆ, ಬೂಮಿನ ತುದಿ ಕಟ್ಟುವ ಮೂಲೆ ಉಂಟಲ್ಲ, ಅದು ಗಾಳಿ ಹೋಗುವ ಬದಿಗೆ. ಹೀಗಿಟ್ರೆ ಗಾಳಿ ಮಾಸ್ಟಿನ ಮೇಲೆ ಹತ್ತಿ ಸೇಲನ್ನು ಕೆಳಗೆ ಒತ್ತಿ ಹೋಗ್ತದೆ. ತಿರುಗಿಸಿ ಇಟ್ರೆ ಹಿಂದಿನ ಸಡಿಲ ಅಂಚಿನ ಅಡಿಗೆ ಗಾಳಿ ನುಗ್ತದೆ, ಆಮೇಲೆ ಹಿಡೀಲಿಕ್ಕೆ ಇಲ್ಲ. ಭಾವ, ನಾವು ಅಡಿಕೆ ಅಂಗಳಕ್ಕೆ ಟಾರ್ಪಾಲ್ ಹಾಕುವಾಗ ಗಾಳಿ ಬದಿಯ ಅಂಚು ಮೊದ್ಲು ಒತ್ತಿ ಹಿಡಿಯುದು ಯಾಕೆ, ಅದೇ ಲೆಕ್ಕ ಇದು. ಬೂಮಿನ ಹಿಂದಿನ ತುದಿಯನ್ನು ಸ್ವಲ್ಪ ಹೊಯ್ಗೆಯಲ್ಲಿ ಹೂತುಬಿಡು.

ಆದ್ರೆ ಕಲ್ಲು ಬೇಡ ಭಾವ, ಸೇಲಿನ ನಡು ಭಾಗ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮ್, ಕಲ್ಲು ಒಂದು ಸರ್ತಿ ಉಜ್ಜಿದ್ರೆ ಗೀರು, ಆ ಗೀರಿಂದಲೇ ನಾಳೆ ಹರಿಯುದು. ಕಲ್ಲಿನ ಬದ್ಲು ಹೊಯ್ಗೆ ತುಂಬಿದ ಗೋಣಿ, ಅದೂ ಫಿಲ್ಮಿನ ಮೇಲೆ ಅಲ್ಲ, ಮಾಸ್ಟಿನ ಬುಡಕ್ಕೆ ಒಂದು, ಬೂಮ್ ಮಾಸ್ಟಿಗೆ ಸೇರುವ ಜಾಗಕ್ಕೆ ಒಂದು. ಸೇಲಿನ ಮೇಲೆ ಬರೀ ಹೊಯ್ಗೆ ಸುರಿಯುದೂ ಬೇಡ, ಮಾಸ್ಟಿನ ಎರಡು ತುಂಡು ಸೇರುವಲ್ಲಿಗೆ ಹೊಯ್ಗೆ ಹೋದ್ರೆ ಸಂಜೆ ಎಳೆದು ಎಳೆದು ಸುಸ್ತಾಗುದು ನೀನೇ.

ಅಕ್ಕನ ಗೂಟದ ವಿಷಯ. ಒಣ ಹೊಯ್ಗೆಯಲ್ಲಿ ಆ ಸಪೂರ ಗೂಟ ನಿಲ್ಲುದಿಲ್ಲ, ಗಾಳಿ ಎರಡು ಸರ್ತಿ ಜಗ್ಗಿದ್ರೆ ಎದ್ದು ಬರ್ತದೆ, ಮತ್ತೆ ಅದು ಬಳ್ಳಿಯ ತುದಿಯಲ್ಲಿ ಬೀಸುವ ಕಬ್ಬಿಣ ಆಯ್ತು, ಇನ್ನೂ ಅಪಾಯ. ಹೊಯ್ಗೆಯಲ್ಲಿ ನಿಲ್ಲುದು ಹೂತದ್ದು ಮಾತ್ರ. ಖಾಲಿ ಗೊಬ್ಬರದ ಗೋಣಿ ತಕ್ಕೊ, ಹತ್ತು ಲೀಟರಿನ ಬಕೆಟಲ್ಲಿ ಎರಡು ಬಕೆಟ್ ಹೊಯ್ಗೆ ಹಾಕು, ಒಣ ಹೊಯ್ಗೆ ಲೀಟರಿಗೆ ಒಂದೂವರೆ ಕೇಜಿ ಮೇಲೆ ತೂಗ್ತದೆ, ಹಾಗಾಗಿ ಅಲ್ಲಿಗೇ 30 ಕೇಜಿ. ಬಾಯಿ ಕಟ್ಟಿ, ಹೊಟ್ಟೆಗೆ ಬಳ್ಳಿ ಸುತ್ತಿ, ಮೊಣಕಾಲಷ್ಟು ಆಳದ ಗುಂಡಿಯಲ್ಲಿ ಅಡ್ಡಕ್ಕೆ ಮಲಗಿಸಿ ಮುಚ್ಚು, ಮೇಲೆ ಎರಡು ಬಕೆಟ್ ಸಮುದ್ರದ ನೀರು ಹೊಯ್ದು ಚೆನ್ನಾಗಿ ತುಳಿ. ಅದನ್ನು ಎಳೀಬೇಕಾದ್ರೆ ಗೋಣಿ ಒಂದೇ ಅಲ್ಲ, ಮೇಲಿನ ಹೊಯ್ಗೆಯನ್ನೂ ಎತ್ಬೇಕು ಅಲ್ವಾ, ಹಾಗಾಗಿ ಮೇಲೆ ಇಟ್ಟ ಗೋಣಿಗಿಂತ ಹೂತ ಗೋಣಿಗೆ ಹಿಡಿತ ಎಷ್ಟೋ ಹೆಚ್ಚು. ಬಳ್ಳಿ ನೆಟ್ಟಗೆ ಮೇಲಕ್ಕೆ ಬರ್ಬಾರ್ದು, ಓರೆಯಾಗಿ ಹೊರಗೆ ಬರ್ಬೇಕು, ಅದಕ್ಕೆ ಗುಂಡಿಯ ಒಂದು ಬದಿಗೆ ಸಣ್ಣ ಚಡಿ ತೆಗಿ. ಹೋಗುವಾಗ ಗೋಣಿ ತೆಗ್ದು ಗುಂಡಿ ಮುಚ್ಚಿ ಬಾ ಮತ್ತೆ, ಸಂಜೆ ಮೇಲೆ ಅಲ್ಲಿ ಬಲೆ ಹೊತ್ತು ನಡೆಯುವವರಿರ್ತಾರೆ.

ಅತ್ತಿಗೆ, ತೆಂಗಿನಮರಕ್ಕೆ ಕಟ್ಟಬಹುದು, ಗಟ್ಟಿಯೇ, ಆದ್ರೆ ಗಾಳಿ ಬರುವ ದಿನ ಕಾಯಿ ಬೀಳುದು ಬೋರ್ಡಿನ ಮೇಲೋ ಇವನ ತಲೆ ಮೇಲೋ ಅಂತ ಹೇಳ್ಲಿಕ್ಕೆ ಬರುದಿಲ್ಲ 😄 ಹತ್ರ ಗಾಳಿಮರ ಇದ್ರೆ ಅದರ ಬುಡಕ್ಕೆ ಕಟ್ಲಿ. ದೋಣಿಗೆ ಮಾತ್ರ ಕಟ್ಬೇಡ ಪುಟ್ಟ, ಮೊಗವೀರರ ದೋಣಿ ಖಾಲಿ ಕಂಡ್ರೂ ಅವರು ಯಾವ ಹೊತ್ತಿಗೆ ನೀರಿಗಿಳಿಸ್ತಾರೆ ನಿನಗೆ ಗೊತ್ತಿರುದಿಲ್ಲ, ಬೇಕಿದ್ರೆ ಕೇಳು, ಕೇಳಿದ್ರೆ ಅವರೇ ಜಾಗ ತೋರಿಸ್ತಾರೆ, ಗಾಳಿ ಬಗ್ಗೆ ನಿನ್ನ ಮೊಬೈಲಿನ ಆ್ಯಪಿಗಿಂತ ಅವರ ಮಾತು ನಂಬು.

ಇದು ಮುಖ್ಯ, ಗಮನ ಇಟ್ಟು ಕೇಳು. ನಮ್ಮಲ್ಲಿ ಬೆಳಿಗ್ಗೆ ಗಾಳಿ ಮೂಡು ದಿಕ್ಕಿಂದ, ನೆಲದಿಂದ ಕಡಲಿಗೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ ಕಡಲಿಂದ ಬರ್ತದೆ, ಮಧ್ಯಾಹ್ನ ಮೇಲೆ ಪಡು-ವಾಯವ್ಯದಿಂದ, ನಿನಗೆ ಬೇಕಾದ್ದು ಅದೇ. ಹಾಗಾಗಿ ನೀನು ಮಾಸ್ಟನ್ನು ಕಡಲಿನ ಬದಿಗೆ ಮಾಡಿ ಇಡ್ತೀಯ, ಸರಿ. ಆದ್ರೆ ಎಪ್ರಿಲ್-ಮೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಘಟ್ಟದ ಬದಿಯಿಂದ ಮೋಡ ಕಟ್ಟಿ ಗುಡುಗು ಮಳೆ ಬರ್ತದಲ್ಲ, ಅದರ ಮುಂದೆ ಒಂದು ತಣ್ಣನೆ ಗಾಳಿ ರಪ್ಪ ಅಂತ ಬರ್ತದೆ, ಅದು ಮೂಡಿಂದ. ಆಗ ನೀನಿಟ್ಟ ಸೇಲು ಪೂರ್ತಿ ಉಲ್ಟಾ, ಹಿಂದಿನ ಅಂಚು ಗಾಳಿಗೆ ಮುಖ ಕೊಟ್ಟು, ಅದೂ ಎದ್ದದ್ದು ಹೋಗುದು ಸೀದಾ ಕಡಲಿಗೆ. ಹಾಗಾಗಿ ಮಾಸ್ಟಿನ ಬದಿ ಒಂದೇ ಕಟ್ಟಿ ಆಯ್ತು ಅಂತ ಬಿಡ್ಬೇಡ, ಹಿಂದಿನ ಮೂಲೆಯಲ್ಲಿ ಬಳ್ಳಿ ಹಾಕುವ ತೂತಿಗೂ ಒಂದು ಹೂತ ಗೋಣಿಯಿಂದ ಬಳ್ಳಿ ಬೇಕೇ ಬೇಕು.

ಅದಕ್ಕಿಂತ ಒಳ್ಳೇದು, ಮೂಡು ಬದಿ ಕಪ್ಪಾದ್ದು ಕಂಡ್ರೆ, ಗುಡುಗು ದೂರದಲ್ಲಿ ಕೇಳಿದ್ರೂ ಸಾಕು, ನೀರಿಂದ ಮೇಲೆ ಬಾ, ಎರಡೂ ಸೇಲ್ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕು. ಮಾಸ್ಟ್ ಕಾರ್ಬನ್‌ದು, ಕರೆಂಟು ಹರಿಯುವ ವಸ್ತು, ಸಿಡಿಲು ಬರುವಾಗ ಬಯಲು ಕಡಲಬದಿಯಲ್ಲಿ ಅದನ್ನು ಕೈಯಲ್ಲಿ ಎತ್ತಿ ಹಿಡಿದು ನಿಲ್ಲುವ ಕೆಲ್ಸ ಬೇಡ್ವೇ ಬೇಡ. ಬಿಚ್ಲಿಕ್ಕೆ ಹೊತ್ತಿಲ್ಲಾಂತ ಆದ್ರೆ ಅಲ್ಲೇ ಬಿಟ್ಟು ಕಾರಿನೊಳಗೆ ಹೋಗಿ ಕೂತ್ಕೊಳ್ಳಿ, ಹೋದ್ರೆ ಹೋಗ್ಲಿ. ಅಕ್ಕ, ನೀನು ಹೆದರಿ ಇವನನ್ನು ಬರುದೇ ಬೇಡ ಹೇಳ್ಬೇಡ, ಮೋಡ ಬರುದು ಕಾಣ್ತದೆ, ಕಂಡದ್ದನ್ನು ನಂಬಿದ್ರೆ ಆಯ್ತು. ಜೂನ್ ಮೇಲೆ ಆದ್ರೆ ನಾನೇ ಬೇಡ ಹೇಳ್ತಿದ್ದೆ, ಕೇರಳದಲ್ಲಿ ಟ್ರಾಲಿಂಗ್ ಮೀನುಗಾರಿಕೆಗೆ 52 ದಿನ ನಿಷೇಧ ಇರುವ ಹೊತ್ತು ಅದು, ಆಗಿನ ಕಡಲು ಆಟಕ್ಕೆ ಅಲ್ಲ.

ಮತ್ತೆ ಇನ್ನೊಂದು, ಕೆಲವರು ದಡಕ್ಕೆ ಬಂದ ಕೂಡ್ಲೆ ಸೇಲನ್ನು ಬಿಗಿ ಮಾಡುವ ಬಳ್ಳಿ ಸ್ವಲ್ಪ ಸಡಿಲ ಮಾಡಿ ಸೇಲನ್ನು ಬಿಟ್ಟು ಹೋಗ್ತಾರೆ, ಸೇಲಿಗೆ ರೆಸ್ಟ್ ಅಂತೆ. ಅದು ಪಟಪಟ ಬಡಿದು ಬಡಿದು ಫಿಲ್ಮ್ ಸೀಳ್ತದೆ. ಒಂದೋ ಟೈಟ್ ಇಟ್ಟು ಕಟ್ಟಿ ಹಾಕು, ಇಲ್ಲಾ ಪೂರ್ತಿ ಬಿಚ್ಚಿ ಸುತ್ತು, ನಡುವಿನದ್ದು ಇಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಗಂಟೆಯೊಳಗೆ ವಾಪಾಸು ಬೇಡದ ಸೇಲನ್ನು ಬಿಚ್ಚುದೇ ಸರಿ, ಸುತ್ತಿದ ಸೇಲ್ ಕಾರಿನ ಅಡಿಗೆ ತುರುಕಿದ್ರೆ ಕತೆ ಮುಗೀತು, ಬಿಸಿಲೂ ಬೀಳುದಿಲ್ಲ. ಸೋಮಾರಿತನಕ್ಕೆ ಬಿಚ್ಚದೆ ಇಡುದೇ ಹೆಚ್ಚು, ನೀವು ಹುಡುಗರು ಬೇಜಾರು ಮಾಡ್ಬೇಡಿ.

ಬೋರ್ಡಿಗೆ ಇಷ್ಟೆಲ್ಲ ಇಲ್ಲ. ಅಡಿಯಲ್ಲಿರುವ ರೆಕ್ಕೆ, ಫಿನ್, ಬಿಚ್ಚಿ ಬ್ಯಾಗಿಗೆ ಹಾಕು, ಬೋರ್ಡನ್ನು ಚಪ್ಪಟೆ ಮಲಗಿಸು, ಕಾಲು ಸಿಕ್ಕಿಸುವ ಸ್ಟ್ರ್ಯಾಪಲ್ಲಿ ಬಳ್ಳಿ ತೂರಿಸಿ ಅದೇ ಹೂತ ಗೋಣಿಗೆ ಕಟ್ಟು. ಗೋಡೆಗೋ ಕಾರಿಗೋ ಒರಗಿಸಿ ನಿಲ್ಲಿಸ್ಬೇಡ, ಅದೊಂದು ಬಾಗಿಲಿನಷ್ಟು ಅಗಲ ಉಂಟು, ಬಿದ್ರೆ ಮೂತಿ ಒಡೀತದೆ. ಕಾರಿನ ಮೇಲೆ ಕಟ್ಟದೆ ಸುಮ್ನೆ ಇಡುದಂತೂ ಬೇಡ. ಮತ್ತೆ ಬೋರ್ಡನ್ನು ಕಪ್ಪು ಬ್ಯಾಗಲ್ಲಿ ಹಾಕಿ ನಡು ಮಧ್ಯಾಹ್ನದ ಬಿಸಿಲಿಗೆ ಬಿಟ್ರೆ ಒಳಗಿನ ಗಾಳಿ ಕಾದು ಹಿಗ್ಗಿ ಪದರ ಎದ್ದು ಬರ್ತದೆ, ನೆರಳಿಗಿಡು, ಮೇಲೆ ಒಂದು ಹಳೇ ಬಿಳಿ ಪಂಚೆ ಹೊದೆಸಿದ್ರೂ ಆದೀತು.

ನೀರಿನ ಗೆರೆಯಿಂದ ಎಷ್ಟು ಮೇಲೆ ಅಂತ ಕೇಳಿದ್ದೆ ಅಲ್ವಾ. ಕಸ ಕಡ್ಡಿ ಚಿಪ್ಪು ಸಾಲಾಗಿ ಬಿದ್ದ ಗೆರೆ ಕಾಣ್ತದೆ, ಹಿಂದಿನ ಭರತ ಅಲ್ಲಿವರೆಗೆ ಬಂದಿತ್ತು ಅಂತ, ಅದರಿಂದಲೂ ಮೇಲೆ ಇಡು. ಅಮಾವಾಸ್ಯೆ ಹುಣ್ಣಿಮೆ ಹತ್ರ ಆದ್ರೆ ಇನ್ನೂ ಮೇಲೆ. ನಿನ್ನೆಯ ಹೊತ್ತನ್ನೇ ಇವತ್ತೂ ಹಿಡೀಬೇಡ, ಭರತ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ.

ಇಷ್ಟೆಲ್ಲ ಕಟ್ಟಿದ್ರೂ ಒಬ್ಬರು ದಡದಲ್ಲಿರ್ಬೇಕು, ನೀವಿಬ್ರೂ ಒಟ್ಟಿಗೆ ನೀರಿಗಿಳಿಯುದಾದ್ರೆ ನಾನೇ ಬಂದು ಕೂತ್ಕೊಳ್ತೇನೆ, ತೋಟದ ಕೆಲ್ಸ ಆ ದಿನ ಇರ್ಲಿ. ಒಂದು ವೇಳೆ ಸೇಲ್ ಎದ್ರೆ ಗಾಳಿ ಹೋಗುವ ಬದಿಯಿಂದ ಅದಕ್ಕೆ ಎದುರಾಗಿ ಓಡ್ಬೇಡ, ಗಾಳಿ ಬರುವ ಬದಿಯಿಂದ ಹೋಗಿ ಮಾಸ್ಟ್ ಹಿಡ್ಕೊ, ಬೊಬ್ಬೆ ಹಾಕಿ ಜನರನ್ನು ಸರಿಸು. ಮೂಡು ಗಾಳಿಗೆ ನೀರಿಗೆ ಬಿದ್ರೆ ಹಿಂದೆ ಈಜಿಕೊಂಡು ಹೋಗ್ಬೇಡ, ಆ ಗಾಳಿಯಲ್ಲಿ ಅದು ನಿನಗಿಂತ ಜೋರು ಹೋಗ್ತದೆ, ದೋಣಿಯವರಿಗೆ ಹೇಳುವ.

ರಾತ್ರಿ ಅಲ್ಲಿ ಎಂತದ್ದೂ ಬಿಡ್ಲಿಕ್ಕಿಲ್ಲ, ಎಲ್ಲ ಮನೆಗೆ. ಬಾವಿ ನೀರಲ್ಲಿ ತೊಳ್ದು ನೆರಳಲ್ಲಿ ಒಣಗಿಸಿ ಚಾವಡಿಯಲ್ಲಿ ಇಡುವ, ಅಡಿಕೆ ಕೊಟ್ಟಿಗೆಯಲ್ಲಿ ಬೇಡ, ಅಲ್ಲಿ ಇಲಿ ಕಾಟ, ಸೇಲಿನ ಬಟ್ಟೆ ಅವಕ್ಕೆ ಭಾರಿ ಇಷ್ಟ ಆದೀತು. ಗೋಣಿ ಇಲ್ಲಿ ಬೇಕಾದಷ್ಟು ಉಂಟು, ಆರು ತೊಳ್ದು ಇಡ್ತೇನೆ, ಬಕೆಟ್ ಹಾರೆ ನನ್ನದೇ. ನೀನು ಬೆರಳು ದಪ್ಪದ ನೈಲಾನ್ ಬಳ್ಳಿ ಒಂದು ಇಪ್ಪತ್ತು ಮೀಟರ್ ತಾ, ಇಲ್ಲಿ ಇರುದು ದನ ಕಟ್ಟುವ ಹಳೇ ಬಳ್ಳಿ, ಅದನ್ನು ನಂಬ್ಲಿಕ್ಕಿಲ್ಲ. ಫ್ರೆಂಡಿಗೆ ಮೀನು ಆಗ್ತದಾ ಇಲ್ವಾ ಅದೂ ಹೇಳು, ಅತ್ತಿಗೆ ಈಗ್ಲೇ ಕೇಳ್ತಿದ್ದಾರೆ.