ಏರು ಬೇಡ, ಪೈ ಬೇಕು

"ಸೈಕಲ್ ಪ್ರವಾಸಕ್ಕೆ ನಾನು ರೆಡಿ. ಆದರೆ ಒಂದೇ ಒಂದು ಏರೂ ಇರಬಾರದು" ಎಂದ ಮೂರ್ತಿ, ಕೋಡುಬಳೆ ಮುರಿಯುತ್ತಾ.

ಜಾಗ ಆರಿಸಿದವನೂ ಅವನೇ! ಹೋಮ್ಸ್ ಕೌಂಟಿ. ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಎರಡು ಗಂಟೆಯೊಳಗೆ ಸಿಗುವ ಈ ಜಿಲ್ಲೆ ಅಮಿಶ್ ರೈತರ ನಾಡು. ಅಮಿಶ್ ಅಂದರೆ ಕಾರು, ಕರೆಂಟ್ ಲೈನು ಬೇಡವೆಂದು ಹಳೆಯ ಕಾಲದ ಹಾಗೆ ಬದುಕುವ ಕ್ರೈಸ್ತ ಪಂಗಡ. ಆ ನಾಡಿನಲ್ಲಿ ಗುಡ್ಡ ಇಳಿದರೆ ಎದುರಿಗೆ ಇನ್ನೊಂದು ಗುಡ್ಡ.

"ಓಹಾಯೋ ಅಂದರೆ ದೋಸೆ ಕಾವಲಿ ಥರ ಸಪಾಟು ಅಲ್ವಾ?" ಎಂದ ನಾಗು.

"ಅದು ಪಶ್ಚಿಮದ ಕಡೆ" ಎಂದೆ. "ಹಿಮಯುಗದಲ್ಲಿ ಮಂಜುಗಡ್ಡೆ ಹರಿದು ಬಂದು ಅಲ್ಲೆಲ್ಲ ನೆಲ ಸಮ ಮಾಡಿತು. ಹೋಮ್ಸ್ ಕೌಂಟಿಯ ಒಂದಿಷ್ಟು ಭಾಗ ಮುಟ್ಟಿ ನಿಂತುಬಿಟ್ಟಿತು. ಉಳಿದ ಭಾಗ ಇದ್ದ ಹಾಗೇ ಉಳಿಯಿತು."

"ಇನ್ನೊಂದಿಷ್ಟು ದೂರ ಬಂದಿದ್ದರೆ ಅದರ ಗಂಟೇನು ಹೋಗುತ್ತಿತ್ತು?" ಮೂರ್ತಿಗೆ ನಿಜವಾಗಲೂ ಬೇಜಾರಾಗಿತ್ತು.

ಅವನ ಹೆಂಡತಿ ಶೈಲಾ ಫೋನಿನಲ್ಲಿ ಮ್ಯಾಪ್ ತೆಗೆದಳು. "ರೀ, ಗುಡ್ಡದ ಮೇಲೆ ಯಾರು ಹೋಗು ಅಂದರು? ಹಳೆಯ ರೈಲು ಹಾದಿ ಇದೆ. ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಫ್ರೆಡರಿಕ್ಸ್‌ಬರ್ಗ್‌ನಿಂದ ಮಿಲ್ಲರ್ಸ್‌ಬರ್ಗ್ ಮೇಲೆ ಕಿಲ್‌ಬಕ್‌ವರೆಗೆ ಸುಮಾರು 15 ಮೈಲಿ. ಉದ್ದಕ್ಕೂ ಕಣಿವೆ, ಪಕ್ಕದಲ್ಲಿ ಜೌಗು ನೆಲ, ಹಕ್ಕಿಗಳು. ಉಗಿಬಂಡಿಗೂ ನಿಮ್ಮ ಹಾಗೇ ಏರು ಕಂಡರೆ ಆಗುತ್ತಿರಲಿಲ್ಲ."

ಈ ದಾರಿಯದ್ದೇ ಒಂದು ಮಜಾ ಇದೆ. ಅರ್ಧಕ್ಕೆ ನುಣ್ಣನೆ ಡಾಂಬರು, ಅದು ಸೈಕಲ್ಲಿಗೆ. ಪಕ್ಕದ ಅರ್ಧಕ್ಕೆ ಜಲ್ಲಿ ಕೂರಿಸಿದ್ದಾರೆ, ಅದು ಅಮಿಶ್ ಜನರ ಕುದುರೆ ಗಾಡಿಗೆ.

"ಎರಡು ಯಾಕೆ? ಒಟ್ಟಿಗೇ ಹೋದರೆ ಏನಂತೆ?" ನಾಗು ಕೇಳಿದ.

"ಲಾಳದ ಪೆಟ್ಟಿಗೆ ಡಾಂಬರು ಕಿತ್ತು ಬರುತ್ತದೆ. ಜೊತೆಗೆ, ಕುದುರೆ ನಡೆಯುತ್ತಲೇ ಮುಗಿಸುವ ಕೆಲಸವೂ ಒಂದಿದೆಯಲ್ಲ. ಅದರ ಮೇಲೆ ಸೈಕಲ್ ಹೊಡೆದರೆ ಮುಂದಿನ ಚಕ್ರಕ್ಕಿಂತ ನಿನ್ನ ಬೆನ್ನಿಗೇ ಜಾಸ್ತಿ ಹಾರುತ್ತದೆ."

ನಾಗು ಮಡ್‌ಗಾರ್ಡ್ ಎಂದು ಚೀಟಿಯಲ್ಲಿ ಬರೆದುಕೊಂಡ.

"ಗಾಡಿ ದಾಟುವಾಗ ಟ್ರಿಣ್ ಟ್ರಿಣ್ ಅನ್ನಬೇಡಿ. ಮೆಲ್ಲಗೆ ಮಾತಾಡಿಸಿ, ನಿಧಾನಕ್ಕೆ, ದೂರದಿಂದ ದಾಟಿ. ಕುದುರೆ ಬೆದರಿದರೆ ಕಷ್ಟ" ಎಂದಳು ಶೈಲಾ. "ಮತ್ತೆ, ಅವರ ಮುಖಕ್ಕೆ ಫೋನ್ ಹಿಡಿದು ಫೋಟೋ ತೆಗೆಯಬಾರದು. ಅವರಿಗೆ ಅದು ಹಿಡಿಸುವುದಿಲ್ಲ."

"ಕುದುರೆ ಜೊತೆ ಸೆಲ್ಫಿ?"

"ಮೊದಲು ಕುದುರೆಯನ್ನು ಕೇಳು."

ಊಟದ ಮಾತು ಬಂದಾಗ ಗಲಾಟೆ ಶುರುವಾಯಿತು. ಪೈ (ಹಿಟ್ಟಿನ ಹಾಳೆಯೊಳಗೆ ಹಣ್ಣಿನ ಹೂರಣ ಇಟ್ಟು ಬೇಯಿಸುವ ಸಿಹಿ) ಅಂಗಡಿ, ಚೀಸ್ ಅಂಗಡಿ, ದೊಡ್ಡ ಹೋಟೆಲ್ಲು ಎಲ್ಲ ಗುಂಪಾಗಿ ಸಿಗುವುದು ಬರ್ಲಿನ್‌ನಲ್ಲಿ. ಜರ್ಮನಿಯದಲ್ಲ, ಹೋಮ್ಸ್ ಕೌಂಟಿಯದು. ಅದು ಇರುವುದು ಗುಡ್ಡದ ಮೇಲೆ. ಸೈಕಲ್ ದಾರಿ ಇರುವುದು ಕೆಳಗಿನ ಕಣಿವೆಯಲ್ಲಿ. ನಡುವಿನ 39ನೇ ನಂಬರ್ ರಸ್ತೆಯಲ್ಲಿ ಪ್ರವಾಸಿಗಳ ಕಾರಿನ ಸಾಲು. ಅಲ್ಲಿ ಸೈಕಲ್ ಹೊಡೆಯುವುದು ನನ್ನ ಪ್ರಕಾರ ಶುದ್ಧ ತಲೆಹರಟೆ.

"ಪೈ ತಿನ್ನಲು ಬೆಟ್ಟ ಹತ್ತಬೇಕಾ! ತಿಂದದ್ದು ಹತ್ತುವಾಗಲೇ ಕರಗಿಹೋಗುತ್ತದಲ್ಲ" ಎಂದ ಮೂರ್ತಿ.

"ಮೊದಲು ಹತ್ತುತ್ತೀರಿ, ಆಮೇಲೆ ತಿನ್ನುತ್ತೀರಿ. ಕರಗಲು ಅವಕಾಶವೇ ಇಲ್ಲ" ಎಂದಳು ಶೈಲಾ. "ಅದಿರಲಿ, ನಾವು ಸಸ್ಯಾಹಾರಿಗಳು ಅಲ್ಲಿ ತಿನ್ನುವುದೇನು? ಅವರ ನೂಡಲ್ಸ್ ಬೇಯುವುದು ಕೋಳಿ ಸಾರಿನಲ್ಲಿ. ಬೀನ್ಸ್ ಪಲ್ಯ ಸಿಕ್ಕಿತು ಅಂತ ಖುಷಿಪಟ್ಟರೆ ಒಳಗೆ ಹಂದಿ ಮಾಂಸದ ಚೂರು. ಪೈ ಹಿಟ್ಟಿಗೂ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಯೇ ತಿನ್ನಬೇಕು."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಪುಳಿಯೋಗರೆ ಯಾರು ಕಲೆಸಿ ತರುವುದು ಎಂದು ಗಂಭೀರವಾಗಿ ಚರ್ಚೆಯಾಯಿತು.

"ಬ್ಯಾಟರಿ ಸೈಕಲ್ ಬಾಡಿಗೆಗೆ ತಗೊಂಡರೆ ಏರಿನ ಚಿಂತೆಯೇ ಇಲ್ಲ" ಎಂದ ನಾಗು.

"ಕರೆಂಟ್ ಬೇಡ ಅಂದವರ ಊರಿಗೆ ಬ್ಯಾಟರಿ ಸೈಕಲ್ಲಾ? ನಾಚಿಕೆಯಾಗಬೇಕು" ಎಂದ ಮೂರ್ತಿ.

"ಅಲ್ಲಿನ ಅಮಿಶ್ ಜನರಲ್ಲೇ ಎಷ್ಟೋ ಮಂದಿ ಬ್ಯಾಟರಿ ಸೈಕಲ್ ಹತ್ತಿಬಿಟ್ಟಿದ್ದಾರೆ ಮಾರಾಯ. ಸೋಲಾರ್ ಹಾಕಿ ಚಾರ್ಜ್ ಮಾಡುತ್ತಾರೆ" ಎಂದೆ. ಅವರ ರೂಲ್ಸು ಎಲ್ಲ ಕಡೆ ಒಂದೇ ಅಲ್ಲ. ಪ್ರತಿ ಊರಿನ ಚರ್ಚ್ ಸಭೆಯೂ ತನ್ನ ಕಟ್ಟುಪಾಡು ತಾನೇ ಮಾಡಿಕೊಳ್ಳುತ್ತದೆ. ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್ ಕಡೆಯವರು ಸೈಕಲ್ಲನ್ನೇ ಒಪ್ಪುವುದಿಲ್ಲ, ಕಾಲಲ್ಲಿ ನೂಕುವ ಸ್ಕೂಟರ್ ಓಡಿಸುತ್ತಾರೆ. ಇಲ್ಲಿಯವರು ಸೈಕಲ್ ಒಪ್ಪಿ, ಅದಕ್ಕೆ ಬ್ಯಾಟರಿಯನ್ನೂ ಸೇರಿಸಿಕೊಂಡರು.

ಮೂರ್ತಿಯ ನಾಚಿಕೆ ತಕ್ಷಣ ಮಾಯವಾಯಿತು. "ಹಾಗಾದರೆ ನನಗೂ ಒಂದು. ಭಾನುವಾರ ಹೊರಡೋಣ."

"ಭಾನುವಾರ ಅಮಿಶ್ ಅಂಗಡಿ ಒಂದೂ ತೆಗೆಯುವುದಿಲ್ಲ. ಪೈ ಅಂಗಡಿ ಬಾಗಿಲಿಗೆ ಕೈಮುಗಿದು ಬರುತ್ತೀರಾ?" ಎಂದಳು ಶೈಲಾ.

ಕೊನೆಗೆ ಶುಕ್ರವಾರ ಸಂಜೆ ಹೋಗಿ ಮಿಲ್ಲರ್ಸ್‌ಬರ್ಗ್‌ನಲ್ಲಿ ಉಳಿಯುವುದು, ಶನಿವಾರ ಬೆಳಗ್ಗೆ ಕಿಲ್‌ಬಕ್‌ಗೆ ಹೋಗಿ ವಾಪಸ್, ಮಧ್ಯಾಹ್ನ ಬರ್ಲಿನ್‌ಗೆ ಮಾತ್ರ ಕಾರಿನಲ್ಲಿ ಎಂದು ತೀರ್ಮಾನವಾಯಿತು.

"ಯಾರಿಗಾದರೂ ಸುಸ್ತಾದರೆ ಹತ್ತಿಸಿಕೊಳ್ಳಲು ಒಬ್ಬರು ಕಾರು ಓಡಿಸಿಕೊಂಡು ಜೊತೆಗೇ ಬರಬೇಕಾಗುತ್ತದೆ" ಎಂದಳು ಶೈಲಾ.

"ನಾನು" ಎಂದ ಮೂರ್ತಿ.

"ನನಗೆ ಮಂಡಿನೋವು, ನಾನು" ಎಂದ ನಾಗು.

ನಾನು ಅಷ್ಟರಲ್ಲಿ ಟೇಬಲ್ ಮೇಲಿದ್ದ ಕಾರಿನ ಕೀ ಎತ್ತಿಕೊಂಡಿದ್ದೆ.