ಕಂಪನಿ ಸರ್ಟಿಫೈಡ್ ಸೆಕೆಂಡ್ ಹ್ಯಾಂಡ್ ಕಾರು: ಜಾಸ್ತಿ ದುಡ್ಡು ಕೊಡಬಹುದಾ?

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿಟ್ಟಿದ್ದೇನೆ, ನಾಲ್ಕು ವರ್ಷ ಹಳೆಯದು, ಆಟೊಮ್ಯಾಟಿಕ್. ಕಾರು ಕಂಪನಿಯ ಡೀಲರ್ ಹತ್ತಿರವೇ ಇದೆ. ಕಂಪನಿ ನಿಯಮದ ಪ್ರಕಾರ ಪರೀಕ್ಷೆ ಮಾಡಿ ಪಾಸ್ ಮಾಡಿದ ‘ಸರ್ಟಿಫೈಡ್’ ಗಾಡಿ, ಒಂದು ವರ್ಷ ವಾರಂಟಿ ಇದೆ ಎನ್ನುತ್ತಾರೆ. ಇದೇ ಮಾಡೆಲ್, ಇದೇ ವರ್ಷದ್ದು ಹೊರಗೆ ಸಾಕಷ್ಟು ಕಡಿಮೆಗೆ ಸಿಗುತ್ತದೆ. ಜಾಸ್ತಿ ಕೊಡುವ ದುಡ್ಡಿಗೆ ಏನಾದರೂ ಬೆಲೆ ಇದೆಯಾ, ಇಲ್ಲ ಸುಮ್ನೆ ಸ್ಟಿಕ್ಕರ್‌ಗೆ ಕೊಟ್ಟ ಹಾಗಾ? ತಗೊಂಡವರು, ಗೊತ್ತಿರುವವರು ಹೇಳಿ.

ಸರ್ಟಿಫೈಡ್ ಗಾಡಿ ಓಡಿಸುತ್ತಿರುವವರು:
ನನ್ನದೂ ಅಂಥದ್ದೇ. ನನ್ನ ಮಟ್ಟಿಗೆ ದುಡ್ಡು ದಂಡ ಆಗಲಿಲ್ಲ, ಆದರೆ ಅದಕ್ಕೆ ಕಾರಣ ಸ್ಟಿಕ್ಕರ್ ಅಲ್ಲ, ವಾರಂಟಿ ಪುಸ್ತಕ. ತಗೊಂಡ ಕೆಲವು ತಿಂಗಳಿಗೆ ಗೇರ್ ಬದಲಾಗುವಾಗ ಜರ್ಕ್ ಹೊಡೆಯಲು ಶುರುವಾಯಿತು. ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ ಹೋಗಿತ್ತು, ಪೂರ್ತಿ ವಾರಂಟಿಯಲ್ಲೇ ಹಾಕಿಕೊಟ್ಟರು. ಕೈಯಿಂದ ಕೊಡಬೇಕಾಗಿದ್ದರೆ ಹೊರಗಿನ ಗಾಡಿಯಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಅದೇ ಗಾಡಿಯ ಬ್ರೇಕ್ ಪ್ಯಾಡ್, ಬ್ಯಾಟರಿ ಹೋದಾಗ ಮಾತ್ರ ‘ಅದು ಸವೆಯುವ ಸಾಮಾನು, ವಾರಂಟಿಗೆ ಬರಲ್ಲ’ ಅಂದರು. ಪುಸ್ತಕದಲ್ಲೂ ಹಾಗೇ ಇತ್ತು, ಜಗಳ ಮಾಡುವ ಹಾಗಿರಲಿಲ್ಲ.

ಅದಕ್ಕೇ ಅಡ್ವಾನ್ಸ್ ಕೊಡುವ ಮೊದಲು ಆ ಪುಸ್ತಕ ಕೇಳಿ ತಗೊಂಡು ಓದಿ. ಬಣ್ಣದ ಬ್ರೋಶರ್ ಅಲ್ಲ, ಷರತ್ತುಗಳಿರುವ ಪುಸ್ತಕ. ವಾರಂಟಿ ಕೊಡುವುದು ಕಂಪನಿಯಾ, ಡೀಲರಾ, ಇಲ್ಲ ಯಾವುದೋ ಇನ್ಶೂರೆನ್ಸ್‌ನವರಾ? ನೀವು ತಗೊಂಡ ದಿನದಿಂದ ಲೆಕ್ಕವಾ, ಹಳೆ ವಾರಂಟಿ ಮುಗಿದ ದಿನದಿಂದಲಾ? ಒಂದು ರಿಪೇರಿಗೆ ಇಷ್ಟೇ ಕೊಡುತ್ತೇವೆ ಅಂತ ಮಿತಿ ಇದೆಯಾ? ಬೇರೆ ಊರಲ್ಲಿ ಕೈಕೊಟ್ಟರೆ ಅಲ್ಲಿನ ಡೀಲರ್ ಮಾಡಿಕೊಡುತ್ತಾರಾ, ಸರ್ವಿಸ್ ಒಂದು ಸಲ ತಡ ಆದರೆ ಎಲ್ಲ ರದ್ದಾಗುತ್ತದಾ? ಆಟೊಮ್ಯಾಟಿಕ್ ಅಂದಿರಲ್ಲ, ಅದು ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಗೇರ್‌ಬಾಕ್ಸ್) ಆಗಿದ್ದರೆ ಕ್ಲಚ್ ಪ್ಲೇಟ್ ಬರುತ್ತದಾ ಅಂತ ಬಾಯಿಬಿಟ್ಟು ಕೇಳಿ. ‘ಗೇರ್‌ಬಾಕ್ಸ್ ಎಲ್ಲ ಕವರ್ ಆಗುತ್ತೆ ಸಾರ್’ ಅನ್ನುವ ಉತ್ತರ ಸಾಲದು.

ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವರು:
ಡೀಲರ್ ಹತ್ತಿರ ಇಂಥ ಗಾಡಿ ಚೆಕ್ ಮಾಡುವುದೇ ನನ್ನ ಕೆಲಸವಾಗಿತ್ತು. ನೂರೈವತ್ತು ಪಾಯಿಂಟ್ ಚೆಕ್ ಮಾಡಿದ್ದೇವೆ ಅಂತಾರಲ್ಲ, ಆ ಪಟ್ಟಿಯಲ್ಲಿ ಹಾರ್ನ್, ವೈಪರ್, ಒಳಗಿನ ದೀಪ, ಕಿಟಕಿ ಗಾಜು ಏರಿಸಿ ಇಳಿಸುವುದು ಎಲ್ಲ ಒಂದೊಂದು ಪಾಯಿಂಟ್. ಸಂಖ್ಯೆ ನೋಡಿ ಮರುಳಾಗಬೇಡಿ. ಚೆಕ್ ಮಾಡುವವನೂ ಸಾಮಾನ್ಯವಾಗಿ ಮಾರುವ ಡೀಲರ್‌ನದೇ ಮೆಕ್ಯಾನಿಕ್. ಹಾಗಂತ ಇದು ಬರೀ ನಾಟಕ ಅಲ್ಲ. ತೀರಾ ಹಳೆಯದು, ಕಿಲೋಮೀಟರ್ ಮಿತಿ ದಾಟಿದ್ದು, ಚಾಸಿಸ್‌ಗೆ ಪೆಟ್ಟು ಬಿದ್ದದ್ದು ಮೊದಲೇ ಹೊರಗೆ ಹೋಗುತ್ತದೆ. ಆದರೆ ಬಾಗಿಲು, ಬಂಪರ್ ಟಿಂಕರಿಂಗ್ ಆದ ಗಾಡಿ ಪಾಸ್ ಆಗಬಹುದು. ಸರ್ಟಿಫೈಡ್ ಅಂದಮಾತ್ರಕ್ಕೆ ಎಲ್ಲೂ ಗುದ್ದಿಲ್ಲ ಅಂತ ಅಲ್ಲ.

ನಿಮ್ಮ ಗಾಡಿಯದ್ದೇ, ಸಹಿ ಆಗಿರುವ ಚೆಕ್ ಶೀಟ್ ಕೇಳಿ. ಅದರ ಮೇಲಿನ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಗಾಡಿ ಮೇಲಿನದ್ದಕ್ಕೆ ತಾಳೆ ಹಾಕಿ. ಆಮೇಲೆ ಟೈರ್ ನೋಡಿ. ಪಕ್ಕದಲ್ಲಿ DOT ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ, 2322 ಅಂದರೆ 2022ರ 23ನೇ ವಾರ. ಮೀಟರ್ 20,000 ಕಿ.ಮೀ. ತೋರಿಸುತ್ತಿದೆ, ನಾಲ್ಕೂ ಟೈರ್ ಕಾರಿಗಿಂತ ಎರಡು ವರ್ಷ ಹೊಸದು ಅಂದರೆ ಯಾಕಪ್ಪಾ ಅಂತ ಕೇಳಲೇಬೇಕು. ಸರಿಯಾದ ಕಾರಣ ಇರಬಹುದು, ಮೀಟರ್ ತಿರುಗಿಸಿರಲೂಬಹುದು. ಬ್ರೇಕ್ ಪೆಡಲ್ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟಿನ ಹೊರ ಅಂಚು ಸವೆದಿದೆಯಾ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಬಾನೆಟ್ ಎತ್ತಿ, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಹಿಡಿದಿರುವ ಬೋಲ್ಟ್‌ಗಳ ಮೇಲೆ ಟಾರ್ಚ್ ಬಿಡಿ. ಕಂಪನಿಯಿಂದ ಬಂದ ಬೋಲ್ಟ್ ತಲೆ ಮೇಲೆ ಬಣ್ಣ ಅಖಂಡವಾಗಿರುತ್ತದೆ, ಸ್ಪ್ಯಾನರ್ ಹಾಕಿದ್ದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ, ತುದಿಯಲ್ಲಿ ಕೆಸರಿನ ಕಲೆ, ಮುಗ್ಗಲು ವಾಸನೆ ಇದ್ದರೆ ನೀರಲ್ಲಿ ನಿಂತ ಗಾಡಿ ಇರಬಹುದು. ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ. ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಿಡಬೇಡಿ ಅಂತ ಫೋನ್‌ನಲ್ಲೇ ಹೇಳಿ, ತಣ್ಣಗಿರುವ ಎಂಜಿನ್ ಮೊದಲ ಸಲ ಶುರುವಾಗುವ ಶಬ್ದ ಕೇಳಬೇಕು.

ಹೊರಗೆ ತಗೊಳ್ಳಿ ಎನ್ನುವವರು:
ಇಷ್ಟೆಲ್ಲ ನಾವೇ ನೋಡುವುದಾದರೆ ಡೀಲರ್‌ಗೆ ಜಾಸ್ತಿ ಕೊಡುವುದು ಯಾಕೆ, ಅಲ್ವಾ? ಈ ಪದ್ಧತಿ ಜೋರಾಗಿದ್ದೇ 1990ರ ದಶಕದಲ್ಲಿ, ಅಮೆರಿಕದಲ್ಲಿ ಲೀಸ್ ಮುಗಿದು ವಾಪಸ್ ಬಂದ ದುಬಾರಿ ಕಾರುಗಳನ್ನು ಒಳ್ಳೆ ಬೆಲೆಗೆ ಮಾರಲು. ಟೊಯೋಟಾದ ದುಬಾರಿ ಬ್ರಾಂಡ್ ಲೆಕ್ಸಸ್ ಶುರು ಮಾಡಿದ್ದು 1993ರಲ್ಲಿ. ಅಂದರೆ ಇದು ಮೊದಲಿಂದಲೂ ಅವರ ಮಾಲಿನ ಬೆಲೆ ಕಾಪಾಡುವ ಉಪಾಯ. ರಿಕಾಲ್ (ದೋಷ ಇದೆ ಅಂತ ಕಂಪನಿಯೇ ಗಾಡಿ ವಾಪಸ್ ಕರೆದು ಸರಿಮಾಡುವುದು) ಬಾಕಿ ಇರುವುದನ್ನು ಸರಿಯಾಗಿ ತಿಳಿಸದೆ ಸರ್ಟಿಫೈಡ್ ಕಾರುಗಳ ಪರೀಕ್ಷೆಯನ್ನು ಹೊಗಳಿ ಜಾಹೀರಾತು ಕೊಟ್ಟರು ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜನರಲ್ ಮೋಟರ್ಸ್ ಮೇಲೆ ಆರೋಪ ಹೊರಿಸಿ 2016ರಲ್ಲಿ ರಾಜಿಗೆ ತಂದಿತ್ತು. ಉಬ್ಬುವಾಗ ಸಿಡಿದು ಲೋಹದ ಚೂರು ಎರಚುತ್ತಿದ್ದ ಟಕಾಟಾ ಕಂಪನಿಯ ಏರ್‌ಬ್ಯಾಗ್ ಥರದ ರಿಕಾಲ್ ಇದ್ದರೆ ತಮಾಷೆ ಅಲ್ಲ. ಚಾಸಿಸ್ ನಂಬರ್ ಕೊಟ್ಟು ಬಾಕಿ ರಿಕಾಲ್ ಇದೆಯಾ ಅಂತ ಕಂಪನಿಯನ್ನೇ ಕೇಳಿ. ಒಬ್ಬರೇ ಓಡಿಸಿದ, ಸರ್ವಿಸ್ ಬಿಲ್ ಎಲ್ಲ ಇಟ್ಟಿರುವ, ಪರಿಚಯದವರ ಗಾಡಿ ಸಿಕ್ಕರೆ ನಾನು ಕಣ್ಣುಮುಚ್ಚಿ ಅದನ್ನೇ ತಗೊಳ್ಳುತ್ತೇನೆ.

ಸರ್ಟಿಫೈಡ್ ಗಾಡಿ ಓಡಿಸುತ್ತಿರುವವರು:
ಪರಿಚಯದವರ ಗಾಡಿ ಸಿಗುವುದಾದರೆ ಯಾರು ಬೇಡ ಅಂತಾರೆ? ಸಿಗದವರೇ ಇಲ್ಲಿ ಕೇಳುವುದು. ಆಟೊಮ್ಯಾಟಿಕ್‌ಗೆ ವಾರಂಟಿ ಇರಲಿ ಅಂತಲೇ ನಾನು ಹೇಳುವುದು.

ಕೇಳಿದವರು:
ಹೊರಗಿನ ಮೆಕ್ಯಾನಿಕ್ ಕರೆತರುತ್ತೇನೆ ಅಂದೆ. ‘ಸರ್ಟಿಫೈಡ್ ಗಾಡಿಗೆ ಅದೆಲ್ಲ ಬೇಕಾಗಿಲ್ಲ ಸಾರ್’ ಅಂದರು. ಏನು ಮಾಡಲಿ? ಪಕ್ಕದಲ್ಲೇ ಒಂದು ಎಲೆಕ್ಟ್ರಿಕ್ ಸರ್ಟಿಫೈಡ್ ಗಾಡಿ ಕೂಡ ಇದೆ, ಅದೂ ಸ್ವಲ್ಪ ಆಸೆ ಹುಟ್ಟಿಸಿದೆ.

ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವರು:
ಎಲೆಕ್ಟ್ರಿಕ್ ಆದರೆ ಬ್ಯಾಟರಿ ಆರೋಗ್ಯದ ರಿಪೋರ್ಟ್ ಶೇಕಡಾ ಲೆಕ್ಕದಲ್ಲಿ, ಕಾಗದದ ಮೇಲೆ ಬೇಕು. ಬ್ಯಾಟರಿಗೆ ತುಂಬಾ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಸಾಮರ್ಥ್ಯ ಶೇ. 70ಕ್ಕಿಂತ ಕೆಳಗೆ ಬಂದರೆ ಕ್ಲೇಮ್. ಅದರಲ್ಲಿ ಎಷ್ಟು ಉಳಿದಿದೆ, ಎರಡನೇ ಮಾಲೀಕರಿಗೂ ಬರುತ್ತದಾ, ಎರಡನ್ನೂ ಕೇಳಿ.

ಮೆಕ್ಯಾನಿಕ್ ಬೇಡ ಅಂದರೆ ಕಾರಣ ಕೇಳಿ. ವರ್ಕ್‌ಶಾಪ್ ಒಳಗೆ ಹೊರಗಿನವರನ್ನು ಬಿಡದ ನಿಯಮ ಇರುತ್ತದೆ, ಅದು ನ್ಯಾಯವೇ. ಹಾಗಿದ್ದರೆ ಟೆಸ್ಟ್ ಡ್ರೈವ್‌ಗೆ ಅವನನ್ನೂ ಕೂರಿಸಿಕೊಂಡು ಹೋಗಿ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ನೋಡಲಿ. ಎಚ್ಚರಿಕೆ ದೀಪ ಆರಿಸಲು ಅದರಲ್ಲಿ ದಾಖಲಾದ ಹಳೆ ದೋಷದ ಕೋಡ್ ಈಗಷ್ಟೇ ಅಳಿಸಿದ್ದರೆ ‘ಮಾನಿಟರ್ ನಾಟ್ ರೆಡಿ’ ಅಂತ ತೋರಿಸುತ್ತದೆ, ಅಂದರೆ ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆ ಇನ್ನೂ ಮುಗಿದಿಲ್ಲ. ಅದಕ್ಕೂ ಒಪ್ಪದಿದ್ದರೆ ಆ ಗಾಡಿ ಬಿಡಿ. ಒಪ್ಪಿದರೆ, ಮಾಡಿಕೊಡುತ್ತೇವೆ ಅಂದ ಕೆಲಸ, ಎರಡನೇ ಕೀ, ಎಲ್ಲ ಬುಕಿಂಗ್ ಫಾರಂ ಮೇಲೆ ಬರೆಸಿ ಸೀಲ್ ಹಾಕಿಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.